ಒಂಬತ್ತು ದಿನಗಳ ಆಕ್ರೋಶ: ಶಾದ್‌ನಗರ ಪ್ರಕರಣದ ಒಂದು ಅಧ್ಯಯನ

2019ರ ನವೆಂಬರ್ 27ರ ರಾತ್ರಿ ಹೈದರಾಬಾದಿನ ಹೊರವಲಯದಲ್ಲಿ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರವೆಸಗಿ ಕೊಲೆ ಮಾಡಲಾಯಿತು. ಮರುದಿನ ಬೆಳಿಗ್ಗೆ ಶಾದ್‌ನಗರದ ಹತ್ತಿರ, ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಚಟಾನ್‌ಪಲ್ಲಿ ಸೇತುವೆಯ ಕೆಳಗೆ ಅವರ ಸುಟ್ಟ ದೇಹ ಸಿಕ್ಕಿತು. ಡಿಸೆಂಬರ್ 6ರ ನಸುಕಿನಲ್ಲಿ, ಆ ಸೇತುವೆಗೆ ಸಮೀಪದಲ್ಲೇ, ಪೊಲೀಸ್ ವಶದಲ್ಲಿದ್ದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಈ ಎರಡು ಘಟನೆಗಳ ನಡುವಿನ ಒಂಬತ್ತು ದಿನಗಳಲ್ಲಿ ಜನರು, ಸುದ್ದಿವಾಹಿನಿಗಳು, ವಕೀಲರು, ಸಚಿವರು ಮತ್ತು ಸಂಸದರು ಯಾವ ಯಾವ ನಿರ್ಧಾರ ತೆಗೆದುಕೊಂಡರು, ಆ ನಿರ್ಧಾರಗಳು ಒಂದಕ್ಕೊಂದು ಹೇಗೆ ಕೂಡಿಕೊಂಡವು ಎಂಬುದು ಈ ಅಧ್ಯಯನದ ವಿಷಯ. ಅಪರಾಧದ ವಿವರಗಳನ್ನು ಅಗತ್ಯಕ್ಕಿಂತ ಹೆಚ್ಚು ಹೇಳುವುದಿಲ್ಲ. ಕೊಲೆಯಾದವರ ಹೆಸರನ್ನು ಬಳಸಲು ಕಾನೂನು ಬಿಡುವುದಿಲ್ಲ, ಬಿಟ್ಟಿದ್ದರೂ ನಾನು ಬಳಸುತ್ತಿರಲಿಲ್ಲ. ಆರೋಪಿಗಳ ಹೆಸರನ್ನೂ ಕೈಬಿಟ್ಟಿದ್ದೇನೆ, ಏಕೆಂದರೆ ಅವರ ಮೇಲಿನ ಆರೋಪ ಯಾವ ನ್ಯಾಯಾಲಯದಲ್ಲೂ ವಿಚಾರಣೆಗೆ ಬರಲಿಲ್ಲ. ಪೊಲೀಸ್ ಸಿಬ್ಬಂದಿಯ ಹೆಸರುಗಳೂ ಇಲ್ಲಿಲ್ಲ.

ಹಿನ್ನೆಲೆ

ಆ ಸಂಜೆ ಅವರು ಶಂಶಾಬಾದ್ ಬಳಿಯ ತೊಂಡುಪಲ್ಲಿ ಟೋಲ್ ಪ್ಲಾಜಾದ ಹತ್ತಿರ ಸ್ಕೂಟರ್ ನಿಲ್ಲಿಸಿ, ಅಲ್ಲಿಂದ ಟ್ಯಾಕ್ಸಿ ಹಿಡಿದು ನಗರಕ್ಕೆ ಹೋಗಿದ್ದರು. ರಾತ್ರಿ ಒಂಬತ್ತರ ಸುಮಾರಿಗೆ ಮರಳಿದಾಗ ಸ್ಕೂಟರಿನ ಚಕ್ರದಲ್ಲಿ ಗಾಳಿ ಇರಲಿಲ್ಲ. ಪಂಕ್ಚರ್ ಹಾಕಿಸಿಕೊಡುತ್ತೇವೆಂದು ಅಪರಿಚಿತರು ಮುಂದೆ ಬಂದಿದ್ದಾರೆ, ಸುತ್ತ ಲಾರಿಗಳು ನಿಂತಿವೆ, ಹೆದರಿಕೆಯಾಗುತ್ತಿದೆ ಎಂದು ಅವರು ತಂಗಿಗೆ ಫೋನ್ ಮಾಡಿ ಹೇಳಿದರು. ಸ್ಕೂಟರ್ ಅಲ್ಲೇ ಬಿಟ್ಟು ಬಾ ಎಂದು ತಂಗಿ ಹೇಳಿದಳು. ಸ್ವಲ್ಪ ಹೊತ್ತಿಗೆ ಫೋನ್ ಸ್ವಿಚ್ ಆಫ್ ಆಯಿತು.

ಮನೆಯವರು ಮೊದಲು ಟೋಲ್ ಪ್ಲಾಜಾದ ಬಳಿ ಹುಡುಕಿ, ಆಮೇಲೆ ಪೊಲೀಸ್ ಠಾಣೆಗೆ ಹೋದರು. ಅಲ್ಲಿಂದ ಮುಂದಿನದು ನಮ್ಮ ನಾಡಿನ ಯಾವ ಊರಿನವರಿಗೂ ಅಪರಿಚಿತವಲ್ಲದ ಅನುಭವ. ಜಾಗ ನಮ್ಮ ಠಾಣಾ ವ್ಯಾಪ್ತಿಗೆ ಬರುವುದಿಲ್ಲ, ಇನ್ನೊಂದು ಠಾಣೆಗೆ ಹೋಗಿ ಎಂದು ಕಳುಹಿಸಲಾಯಿತು. ಮಗಳು ಯಾರ ಜೊತೆಗೋ ಹೋಗಿರಬಹುದು ಎಂಬ ಅರ್ಥದ ಮಾತನ್ನೂ ಕೇಳಬೇಕಾಯಿತು ಎಂದು ಮನೆಯವರು ಆನಂತರ ಹೇಳಿದರು. ದೂರು ದಾಖಲಾಗುವ ಹೊತ್ತಿಗೆ ನಸುಕಿನ ಮೂರು ಗಂಟೆ ದಾಟಿತ್ತು.

ಈ ಸಂಗತಿಯನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2012ರ ದೆಹಲಿಯ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ಶಿಫಾರಸಿನ ಬೆನ್ನಿಗೇ 2013ರಲ್ಲಿ ದಂಡ ಸಂಹಿತೆಗೆ ತಿದ್ದುಪಡಿ ಬಂದಿತ್ತು. ಲೈಂಗಿಕ ಅಪರಾಧಗಳ ದೂರನ್ನು ದಾಖಲಿಸಿಕೊಳ್ಳದ ಅಧಿಕಾರಿಗೆ ಶಿಕ್ಷೆ ವಿಧಿಸುವ 166ಎ ಕಲಂ ಆಗಲೇ ಸೇರಿತ್ತು. ವ್ಯಾಪ್ತಿ ಯಾವುದೇ ಇರಲಿ, ಮೊದಲು ದೂರು ದಾಖಲಿಸಿಕೊಂಡು ಆಮೇಲೆ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕೆಂಬ ಝೀರೊ ಎಫ್‌ಐಆರ್ ಪದ್ಧತಿಯೂ ಆ ವೇಳೆಗೆ ಪೊಲೀಸರಿಗೆ ಹೊಸದಾಗಿರಲಿಲ್ಲ. ಕಾಣೆಯಾದವರ ದೂರು 166ಎ ಕಲಮಿನಡಿ ನೇರವಾಗಿ ಬರುತ್ತಿರಲಿಲ್ಲ, ನಿಜ. ಆದರೆ ಹೆದರಿ ಫೋನ್ ಮಾಡಿದ ಹೆಣ್ಣುಮಗಳೊಬ್ಬಳು ರಾತ್ರಿ ಹೊತ್ತು ಹೆದ್ದಾರಿಯ ಪಕ್ಕದಿಂದ ಕಾಣೆಯಾಗಿದ್ದಾಳೆಂದು ಮನೆಯವರು ಬಂದು ನಿಂತಾಗ ನಕ್ಷೆ ತೆರೆದು ಗಡಿ ಹುಡುಕುವುದು ಕಾನೂನಿನ ಕೊರತೆಯಿಂದ ಆಗುವ ತಪ್ಪಲ್ಲ. ಜನರ ಸಿಟ್ಟು ಹುಟ್ಟಿದ್ದು ಇಲ್ಲಿ, ಮತ್ತು ಅದು ಪೂರ್ತಿ ನ್ಯಾಯವಾದ ಸಿಟ್ಟಾಗಿತ್ತು. ಕೆಲವೇ ದಿನಗಳಲ್ಲಿ ಸಬ್ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಅಷ್ಟರಲ್ಲಿ ರಾಜ್ಯದ ಗೃಹ ಸಚಿವರು, ಆಕೆ ತಂಗಿಗೆ ಫೋನ್ ಮಾಡುವ ಬದಲು 100ಕ್ಕೆ ಮಾಡಬೇಕಿತ್ತು ಎಂದುಬಿಟ್ಟಿದ್ದರು. ಸತ್ತವಳ ಮೇಲೇ ತಪ್ಪು ಹೊರಿಸುವ ಆ ಮಾತು ಸಿಟ್ಟನ್ನು ಇಮ್ಮಡಿಗೊಳಿಸಿತು.

ಸಮಸ್ಯೆ ರೂಪುಗೊಂಡ ಬಗೆ

ಸಿಟ್ಟು ಠಾಣೆಯ ಮೇಜಿನ ಬಳಿಯೇ ನಿಂತಿದ್ದರೆ ಈ ಪ್ರಕರಣದ ಕಥೆ ಬೇರೆಯಾಗುತ್ತಿತ್ತು. ಅದು ಅಲ್ಲಿಂದ ಸರಿದದ್ದು ಹೆಸರಿನ ಮೂಲಕ. ಶವ ಸಿಕ್ಕ ದಿನವೇ ಆಕೆಯ ಹೆಸರು ಮತ್ತು ಫೋಟೊ ಸಾಮಾಜಿಕ ಜಾಲತಾಣಗಳಲ್ಲಿ ಹರಡಿದವು. ಕಾಣೆಯಾದವರ ಹುಡುಕಾಟದಲ್ಲಿ ಹೆಸರು, ಫೋಟೊ ಬೇಕಾಗುತ್ತವೆ. ಆದರೆ ಅತ್ಯಾಚಾರದ ಸಂಗತಿ ಹೊರಬಿದ್ದ ಕ್ಷಣದಿಂದ ಅವೇ ವಿವರಗಳನ್ನು ಪ್ರಕಟಿಸುವುದು ಆಗಿನ ದಂಡ ಸಂಹಿತೆಯ 228ಎ ಕಲಮಿನಡಿ ಅಪರಾಧವಾಗುತ್ತಿತ್ತು. ಈ ಗೆರೆ ದಾಟಿದ ಹೊತ್ತಿನಲ್ಲಿ ಸುದ್ದಿಮನೆಗಳು ಹಿಂದಿನ ಸುದ್ದಿಗಳನ್ನು ತಿದ್ದಬೇಕಿತ್ತು. ಬಹಳಷ್ಟು ಕಡೆ ತಿದ್ದಲಿಲ್ಲ. ಸತ್ತ ಸಂತ್ರಸ್ತೆಯ ಹೆಸರನ್ನು ಆಕೆಯ ಹತ್ತಿರದ ಬಂಧುಗಳು ಒಪ್ಪಿದರೂ ಪ್ರಕಟಿಸುವಂತಿಲ್ಲ, ಅಂಥ ಸಂದರ್ಭವಿದೆಯೇ ಎಂಬುದನ್ನು ಸೆಷನ್ಸ್ ನ್ಯಾಯಾಧೀಶರೇ ನಿರ್ಧರಿಸಬೇಕು ಎಂದು ಸುಪ್ರೀಂ ಕೋರ್ಟ್ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿ ಆಗ ಇನ್ನೂ ಒಂದು ವರ್ಷವಾಗಿರಲಿಲ್ಲ. ಆದರೂ ನ್ಯಾಯ ಕೊಡಿಸಿ ಎಂಬ ಕೂಗಿನ ಜೊತೆಗೆ ಆಕೆಯ ನಿಜವಾದ ಹೆಸರೇ ದಿನಗಟ್ಟಲೆ ಟ್ರೆಂಡ್ ಆಯಿತು. ತಂಗಿಯ ಜೊತೆಗಿನ ಕೊನೆಯ ಮಾತುಕತೆಯ ಧ್ವನಿಮುದ್ರಿಕೆಯನ್ನು ವಾಹಿನಿಗಳು ಮತ್ತೆ ಮತ್ತೆ ಕೇಳಿಸಿದವು. ಅದೇ ಹೆಸರನ್ನು ಅಶ್ಲೀಲ ಜಾಲತಾಣಗಳಲ್ಲಿ ಹುಡುಕುವವರ ಸಂಖ್ಯೆ ಏರಿದೆ ಎಂಬ ವರದಿಯೂ ಬಂತು. ಅದನ್ನು ಬರೆಯುವಾಗ ಕೈ ನಡುಗುತ್ತದೆ, ಆದರೂ ಬರೆಯಬೇಕು. ಹೆಸರು ಮುಚ್ಚಿಡುವ ಕಾನೂನು ಯಾಕಿದೆ ಎಂದು ಕೇಳುವ ತರುಣ ವರದಿಗಾರರಿಗೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ.

ಜೊತೆಜೊತೆಗೆ ಸುಳ್ಳೂ ಬಂತು. ನಾಲ್ವರು ಆರೋಪಿಗಳಲ್ಲಿ ಒಬ್ಬ ಮುಸ್ಲಿಂ, ಉಳಿದ ಮೂವರು ಹಿಂದೂಗಳು. ನಾಲ್ವರೂ ಒಂದೇ ಕೋಮಿನವರು ಎಂಬಂತೆ ಸಂದೇಶಗಳು ಹರಿದಾಡಿದವು.

ಡಿಸೆಂಬರ್ 1ರ ಹೊತ್ತಿಗೆ ಆ ಕುಟುಂಬ ವಾಸವಿದ್ದ ಬಡಾವಣೆಯ ನಿವಾಸಿಗಳು ಗೇಟಿಗೆ ಬೀಗ ಹಾಕಿ ಒಳಗೆ ನಿಂತರು. ಮಾಧ್ಯಮ ಬೇಡ, ಪೊಲೀಸ್ ಬೇಡ, ಹೊರಗಿನವರು ಬೇಡ. ಅನುಕಂಪ ಬೇಡ, ಕ್ರಮ ಬೇಕು, ನ್ಯಾಯ ಬೇಕು ಎಂಬ ಅರ್ಥದ ಫಲಕಗಳು ಅವರ ಕೈಯಲ್ಲಿದ್ದವು. ಸಾಂತ್ವನ ಹೇಳಲು ಬಂದ ರಾಜಕಾರಣಿಗಳು ಗೇಟಿನ ಹೊರಗಿನಿಂದಲೇ ಹಿಂದಿರುಗಿದರು. ಕ್ಯಾಮೆರಾಗಳು ಕಂಬಿಗಳ ನಡುವಿನಿಂದ ಒಳಗೆ ಇಣುಕಿದವು. ಒಂಬತ್ತು ದಿನಗಳಲ್ಲಿ ಯಾರಾದರೂ ತಮ್ಮ ಬೇಡಿಕೆಯನ್ನು ಅಷ್ಟು ಸ್ಪಷ್ಟವಾಗಿ ಬರೆದು ಹಿಡಿದಿದ್ದರೆ ಅದು ಆ ನಿವಾಸಿಗಳೇ. ಮಾಧ್ಯಮಗಳು ಆ ಫಲಕವನ್ನು ಓದಲಿಲ್ಲ, ಚಿತ್ರೀಕರಿಸಿದವು. ಅದೇ ಹೊತ್ತಿಗೆ ಇನ್ನು ಕೆಲವು ಕ್ಯಾಮೆರಾಗಳು ಆರೋಪಿಗಳ ಹಳ್ಳಿಗಳಿಗೆ ಹೋಗಿ, ಅವರ ತಾಯಂದಿರ ಮುಂದೆ ಮೈಕು ಹಿಡಿದು, ನಿಮ್ಮ ಮಗನಿಗೆ ಏನು ಶಿಕ್ಷೆಯಾಗಬೇಕು ಎಂದು ಕೇಳುತ್ತಿದ್ದವು.

ಏನೇನು ಪ್ರಯತ್ನಗಳಾದವು

ಪೊಲೀಸರು ಸಿಸಿಟಿವಿ ದೃಶ್ಯ, ಪಂಕ್ಚರ್ ಅಂಗಡಿಯವರು ಕೊಟ್ಟ ಮಾಹಿತಿ ಮುಂತಾದವುಗಳ ಆಧಾರದಲ್ಲಿ ನವೆಂಬರ್ 29ರ ಹೊತ್ತಿಗೆ ಲಾರಿ ಚಾಲಕರು ಮತ್ತು ಕ್ಲೀನರ್‌ಗಳಾಗಿದ್ದ ನಾಲ್ವರನ್ನು ಬಂಧಿಸಿದರು. ತನಿಖೆಯ ಮಟ್ಟಿಗೆ ಇದು ಚುರುಕಾದ ಕೆಲಸ. ಆದರೆ ಅಂದೇ ನಡೆದ ಪತ್ರಿಕಾಗೋಷ್ಠಿಯಲ್ಲಿ ಅಪರಾಧ ಹೇಗೆ ನಡೆಯಿತೆಂಬುದರ ಪೂರ್ತಿ ಕಥೆ, ಆರೋಪಿಗಳೇ ಒಪ್ಪಿಕೊಂಡಂತೆ, ಜನರ ಮುಂದೆ ಬಂತು. ಪೊಲೀಸರ ಎದುರು ಕೊಟ್ಟ ತಪ್ಪೊಪ್ಪಿಗೆಯನ್ನು ಆಗಿನ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಸಾಕ್ಷ್ಯವೆಂದು ಒಪ್ಪುತ್ತಿರಲಿಲ್ಲ. ಆ ಕಲಂ ಆರೋಪಿಗಳ ಮೇಲಿನ ಮಮತೆಯಿಂದ ಹುಟ್ಟಿದ್ದಲ್ಲ. ಪೊಲೀಸ್ ವಶದಲ್ಲಿರುವವರಿಂದ ಏನನ್ನು ಬೇಕಾದರೂ ಹೇಳಿಸಬಹುದು ಎಂಬ ಹಳೆಯ ಅನುಭವದಿಂದ ಹುಟ್ಟಿದ್ದು. ನ್ಯಾಯಾಲಯದ ಬಾಗಿಲಲ್ಲೇ ನಿಲ್ಲುವ ಆ ಹೇಳಿಕೆ ಅಂದು ಸಂಜೆಯ ಸುದ್ದಿಯಲ್ಲಿ ಸಾಬೀತಾದ ಸತ್ಯವಾಗಿ ಹೋಯಿತು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಮೊದಲ ದೊಡ್ಡ ತಿರುವು ಇದು. ಅಪರಾಧಿಗಳು ಯಾರೆಂದು ಗೊತ್ತಾಗಿಹೋಗಿದೆ ಎಂದ ಮೇಲೆ ಉಳಿಯುವ ಪ್ರಶ್ನೆ ಶಿಕ್ಷೆ ಯಾವಾಗ ಎಂಬುದೊಂದೇ.

ನವೆಂಬರ್ 30ರಂದು ಶಾದ್‌ನಗರ ಠಾಣೆಯ ಮುಂದೆ ಸೇರಿದ ಜನ ಆರೋಪಿಗಳನ್ನು ತಮ್ಮ ಕೈಗೆ ಕೊಡಿ ಎಂದು ಕೂಗಿದರು. ಕಲ್ಲು, ಚಪ್ಪಲಿ ತೂರಿದರು, ಲಾಠಿ ಬೀಸಬೇಕಾಯಿತು. ಆರೋಪಿಗಳನ್ನು ನ್ಯಾಯಾಲಯಕ್ಕೆ ಕರೆದೊಯ್ಯಲಾಗದೆ ಮ್ಯಾಜಿಸ್ಟ್ರೇಟರೇ ಠಾಣೆಗೆ ಬಂದು ನ್ಯಾಯಾಂಗ ಬಂಧನಕ್ಕೆ ಆದೇಶಿಸಿದರು.

ಅಲ್ಲಿನ ವಕೀಲರ ಸಂಘ ಆರೋಪಿಗಳ ಪರವಾಗಿ ಯಾರೂ ವಕಾಲತ್ತು ವಹಿಸಬಾರದೆಂದು ತೀರ್ಮಾನಿಸಿತು. ನೋವಿನಿಂದ ಹುಟ್ಟಿದ ನಿರ್ಧಾರವೆಂದು ಒಪ್ಪಬಹುದು, ಸರಿಯಾದ ನಿರ್ಧಾರವೆಂದು ಒಪ್ಪಲಾಗದು. ವಕೀಲರ ಸಂಘಗಳ ಇಂಥ ನಿರ್ಣಯಗಳು ಸಂವಿಧಾನಕ್ಕೆ ಮತ್ತು ವೃತ್ತಿಧರ್ಮಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿದೆ. ಆಗ ಸುದ್ದಿಯಲ್ಲಿ ಶ್ಲಾಘನೆ ಪಡೆದ ಈ ತೀರ್ಮಾನದ ನಿಜವಾದ ಬೆಲೆ ಎರಡೂವರೆ ವರ್ಷದ ನಂತರ ಗೊತ್ತಾಯಿತು.

ಸರ್ಕಾರ ಮಹಬೂಬ್‌ನಗರದಲ್ಲಿ ತ್ವರಿತಗತಿ ನ್ಯಾಯಾಲಯ ಸ್ಥಾಪಿಸುವುದಾಗಿ ಪ್ರಕಟಿಸಿತು. ಪೊಲೀಸ್ ಆಯುಕ್ತರು ಸಂತ್ರಸ್ತೆಯನ್ನು ದಿಶಾ ಎಂಬ ಹೆಸರಿನಿಂದ ಕರೆಯಬೇಕೆಂದು ಕೋರಿದರು. ಒಳ್ಳೆಯ ಹೆಜ್ಜೆ, ತಡವಾದ ಹೆಜ್ಜೆ. ಡಿಸೆಂಬರ್ 2ರಂದು ರಾಜ್ಯಸಭೆಯಲ್ಲಿ ಸಂಸದೆ ಜಯಾ ಬಚ್ಚನ್, ಇಂಥವರನ್ನು ಸಾರ್ವಜನಿಕವಾಗಿ ಜನರೇ ಹೊಡೆದು ಕೊಲ್ಲಬೇಕು ಎಂಬರ್ಥದ ಮಾತಾಡಿದರು. ಶಾದ್‌ನಗರದ ಬೀದಿಯಲ್ಲಿ ಕೇಳಿಬಂದ ಬೇಡಿಕೆ ಎರಡು ದಿನ ಕಳೆಯುವುದರೊಳಗೆ ಶಾಸನ ರೂಪಿಸುವ ಸದನದಲ್ಲೇ ಪ್ರತಿಧ್ವನಿಸಿತು. ಆಮೇಲೆ ಅದನ್ನು ಬೀದಿಯ ಮಾತು ಎಂದು ತಳ್ಳಿಹಾಕುವುದು ಯಾರಿಗೂ ಸಾಧ್ಯವಿರಲಿಲ್ಲ.

ಡಿಸೆಂಬರ್ 6

ಆರೋಪಿಗಳನ್ನು ನ್ಯಾಯಾಲಯ ಪೊಲೀಸ್ ವಶಕ್ಕೆ ಕೊಟ್ಟಿತ್ತು. ಆರೋಪಿ ತೋರಿಸಿದ ಜಾಗದಲ್ಲಿ ವಸ್ತು ಸಿಕ್ಕರೆ ಹೇಳಿಕೆಯ ಅಷ್ಟು ಭಾಗವನ್ನು ಮಾತ್ರ ಆಗಿನ ಸಾಕ್ಷ್ಯ ಅಧಿನಿಯಮದ 27ನೇ ಕಲಂ ಒಪ್ಪುತ್ತಿತ್ತು. ಆದ್ದರಿಂದ ಆಕೆಯ ಫೋನ್ ಮೊದಲಾದ ವಸ್ತುಗಳನ್ನು ವಶಪಡಿಸಿಕೊಳ್ಳಲು ನಾಲ್ವರನ್ನೂ ಬೆಳಕು ಹರಿಯುವ ಮುನ್ನ ಚಟಾನ್‌ಪಲ್ಲಿಗೆ ಕರೆದೊಯ್ದೆವು, ಅಲ್ಲಿ ಅವರು ಆಯುಧ ಕಿತ್ತುಕೊಂಡು ಗುಂಡು ಹಾರಿಸಿದರು, ಕಲ್ಲು ತೂರಿದರು, ಪ್ರತಿದಾಳಿಯಲ್ಲಿ ಸತ್ತರು ಎಂದು ಪೊಲೀಸರು ಹೇಳಿದರು. ಆಯುಕ್ತರು ಸ್ಥಳದಲ್ಲೇ ಪತ್ರಿಕಾಗೋಷ್ಠಿ ನಡೆಸಿ, ಕಾನೂನು ತನ್ನ ಕರ್ತವ್ಯ ಮಾಡಿದೆ ಎಂದರು. ಜನ ಸೇತುವೆಯ ಮೇಲಿಂದ ಪೊಲೀಸರ ಮೇಲೆ ಹೂವು ಸುರಿದರು, ಮಹಿಳೆಯರು ರಾಖಿ ಕಟ್ಟಿದರು, ಪಟಾಕಿ ಸಿಡಿಯಿತು, ಸಿಹಿ ಹಂಚಲಾಯಿತು. ಆಯುಕ್ತರು ಹುಬ್ಬಳ್ಳಿ ಮೂಲದವರಾದ್ದರಿಂದ ಸಂಭ್ರಮ ನಮ್ಮಲ್ಲಿಗೂ ಬಂತು. ನಮ್ಮ ಊರಿನ ಮಗ ಎಂಬ ಅಭಿಮಾನ ಕನ್ನಡದ ಸುದ್ದಿಯಲ್ಲಿ ಎಷ್ಟು ಜಾಗ ಪಡೆಯಿತೆಂದರೆ, ನಾಲ್ವರು ಪೊಲೀಸ್ ವಶದಲ್ಲಿರುವಾಗ ಹೇಗೆ ಸತ್ತರು ಎಂಬ ವರದಿಗಾರಿಕೆಯ ಮೊದಲ ಪ್ರಶ್ನೆ ಬದಿಗೆ ಸರಿಯಿತು. 2008ರಲ್ಲಿ ಇದೇ ಅಧಿಕಾರಿ ವಾರಂಗಲ್‌ನಲ್ಲಿ ಎಸ್‌ಪಿ ಆಗಿದ್ದಾಗ ಆ್ಯಸಿಡ್ ದಾಳಿಯ ಮೂವರು ಆರೋಪಿಗಳು ಎನ್‌ಕೌಂಟರಿನಲ್ಲಿ ಸತ್ತಿದ್ದ ಸಂಗತಿಯನ್ನೂ ಹೆಮ್ಮೆಯ ವಿವರವಾಗಿಯೇ ನೆನಪಿಸಲಾಯಿತು.

ಸಂಭ್ರಮಿಸಿದವರನ್ನು ಕ್ರೂರಿಗಳೆಂದು ಕರೆಯಲು ನನಗೆ ಮನಸ್ಸಿಲ್ಲ. 2012ರ ಡಿಸೆಂಬರಿನ ದೆಹಲಿ ಪ್ರಕರಣದಲ್ಲಿ ಶಿಕ್ಷೆಗೊಳಗಾದವರ ಗಲ್ಲು ಏಳು ವರ್ಷವಾದರೂ ಜಾರಿಯಾಗಿರಲಿಲ್ಲ. ನ್ಯಾಯಾಲಯದ ಮೇಲೆ ನಂಬಿಕೆಯಿಡಿ ಎಂದು ಹೇಳುವವರು ಈ ಏಳು ವರ್ಷಗಳಿಗೆ ಉತ್ತರ ಕೊಡಬೇಕಾಗುತ್ತದೆ. ಆದರೆ ಆ ನಸುಕಿನಲ್ಲಿ ನಿಜಕ್ಕೂ ಮುಗಿದುಹೋದದ್ದು ಏನು ಎಂಬುದನ್ನು ನೋಡಬೇಕು. ದೋಷಾರೋಪ ಪಟ್ಟಿ ಇಲ್ಲವಾಯಿತು, ಸಾಕ್ಷಿಗಳ ವಿಚಾರಣೆ ಇಲ್ಲವಾಯಿತು. ಠಾಣೆಯಿಂದ ಠಾಣೆಗೆ ಅಲೆದ ಆ ರಾತ್ರಿಯ ಬಗ್ಗೆ ತಂದೆ ತಾಯಿ ಪ್ರಮಾಣ ಮಾಡಿ ಹೇಳಬಹುದಾಗಿದ್ದ, ಪೊಲೀಸರು ಪಾಟೀಸವಾಲಿನಲ್ಲಿ ಉತ್ತರಿಸಬೇಕಾಗಿದ್ದ ಒಂದೇ ಜಾಗವೂ ಇಲ್ಲವಾಯಿತು. ಕೆಲವು ದಿನಗಳ ನಂತರ, ಸತ್ತವರು ತೆಲಂಗಾಣ ಮತ್ತು ಕರ್ನಾಟಕದ ಹೆದ್ದಾರಿಗಳಲ್ಲಿ ಇನ್ನೂ ಹಲವು ಮಹಿಳೆಯರನ್ನು ಕೊಂದಿದ್ದಾಗಿ ಹೇಳಿದ್ದರು ಎಂಬ ಸುದ್ದಿ ಪೊಲೀಸ್ ಮೂಲಗಳಿಂದ ಬಂತು. ಅದು ಸುಳ್ಳಾಗಿದ್ದರೆ ಸತ್ತವರ ಮೇಲೆ ಹೊರಿಸಿದ ಅಪವಾದ. ನಿಜವಾಗಿದ್ದರೆ ಇನ್ನಷ್ಟು ಮನೆಗಳವರು ತಮ್ಮ ಹೆಣ್ಣುಮಕ್ಕಳಿಗೆ ಏನಾಯಿತೆಂದು ತಿಳಿಯುವ ದಾರಿ ಅಂದೇ ಮುಚ್ಚಿತು.

ಆಮೇಲೆ ನಡೆದದ್ದು

ತೆಲಂಗಾಣ ಹೈಕೋರ್ಟ್ ಶವಗಳನ್ನು ಕಾಯ್ದಿಡಲು ಆದೇಶಿಸಿ, ಆನಂತರ ದೆಹಲಿಯ ಏಮ್ಸ್ ವೈದ್ಯರಿಂದ ಎರಡನೇ ಮರಣೋತ್ತರ ಪರೀಕ್ಷೆ ಮಾಡಿಸಿತು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ನೇತೃತ್ವದ ಮೂವರ ಆಯೋಗ ನೇಮಿಸಿತು. ಆರು ತಿಂಗಳಲ್ಲಿ ಮುಗಿಯಬೇಕಿದ್ದ ಕೆಲಸ ಕೋವಿಡ್ ಕಾರಣಕ್ಕೆ ಬೆಳೆದು, ವರದಿ 2022ರ ಜನವರಿಯಲ್ಲಿ ಸಲ್ಲಿಕೆಯಾಗಿ, ಮೇ 20ರಂದು ಬಹಿರಂಗವಾಯಿತು. ಆಯುಧ ಕಿತ್ತುಕೊಂಡ ಕಥೆಯನ್ನು ಆಯೋಗ ನಂಬಲಿಲ್ಲ. ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದು ಹೇಳಿ, ಹತ್ತು ಪೊಲೀಸರನ್ನು ಕೊಲೆ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಬೇಕೆಂದು ಶಿಫಾರಸು ಮಾಡಿತು. ಗುಂಪುಹತ್ಯೆ ಎಷ್ಟು ಒಪ್ಪತಕ್ಕದ್ದಲ್ಲವೋ ತಕ್ಷಣದ ನ್ಯಾಯವೂ ಅಷ್ಟೇ ಒಪ್ಪತಕ್ಕದ್ದಲ್ಲ ಎಂದಿತು.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿತ್ತು. ನಾಲ್ವರಲ್ಲಿ, ಟಿವಿಯ ಪರದೆಯಲ್ಲಿ ಇಪ್ಪತ್ತು ವರ್ಷದವರೆಂದು ತೋರಿಸಲಾಗಿದ್ದ ಮೂವರು ಅಪರಾಧದ ಕಾಲಕ್ಕೆ ಅಪ್ರಾಪ್ತರಾಗಿದ್ದರು ಎಂಬ ತೀರ್ಮಾನಕ್ಕೆ ಆಯೋಗ ಬಂದಿತ್ತು. ಹೇಯ ಅಪರಾಧದಲ್ಲಿ 16 ದಾಟಿದವರನ್ನು ವಯಸ್ಕರಂತೆ ವಿಚಾರಣೆಗೊಳಪಡಿಸಲು ಬಾಲ ನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ, ಆದ್ದರಿಂದ ಇದು ಅವರಿಗೆ ಬಿಡುಗಡೆಯ ಪತ್ರವಾಗುತ್ತಿರಲಿಲ್ಲ. ಆದರೆ ವಯಸ್ಸು ಎಷ್ಟು, ಶಾಲಾ ದಾಖಲೆ ಎಲ್ಲಿದೆ ಎಂದು ಮೊದಲ ದಿನವೇ ಕೇಳುವವರು ಬೇಕಿತ್ತು. ಆ ಪ್ರಶ್ನೆ ಕೇಳುವುದು ವಕೀಲರ ಕೆಲಸ, ವಕೀಲರನ್ನು ದೂರವಿಟ್ಟಾಗಿತ್ತು. ಕೇಳಬಹುದಾಗಿದ್ದ ಇನ್ನೊಬ್ಬರು ಹಳ್ಳಿಗೆ ಹೋದ ವರದಿಗಾರರು, ಅವರು ತಾಯಂದಿರಿಂದ ಶಿಕ್ಷೆಯ ಪ್ರಮಾಣ ಕೇಳುವುದರಲ್ಲಿದ್ದರು. ಶಾಲೆಯ ದಾಖಲಾತಿ ಪುಸ್ತಕ ಆ ಮನೆಗಳಿಂದ ಹೆಚ್ಚು ದೂರವೇನೂ ಇರುವುದಿಲ್ಲ.

ಸುಪ್ರೀಂ ಕೋರ್ಟ್ ವರದಿಯನ್ನು ಮುಂದಿನ ಕ್ರಮಕ್ಕಾಗಿ ಹೈಕೋರ್ಟಿಗೆ ಕಳಿಸಿತು. ವರದಿಯನ್ನು ಪ್ರಶ್ನಿಸಿ ಅಧಿಕಾರಿಗಳು ಅರ್ಜಿ ಹಾಕಿದರು. 2024ರ ಮೇ ತಿಂಗಳಲ್ಲಿ ವರದಿಯ ಆಧಾರದ ಮೇಲಿನ ಕ್ರಮಕ್ಕೆ ಹೈಕೋರ್ಟ್ ತಡೆ ನೀಡಿತು. ಹೀಗಾಗಿ ಪೊಲೀಸರ ಮೇಲಿನ ಆರೋಪವೂ ನ್ಯಾಯಾಲಯದಲ್ಲಿ ಸಾಬೀತಾದದ್ದಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ನೆರೆಯ ಆಂಧ್ರಪ್ರದೇಶವು, ಸಂತ್ರಸ್ತೆಗೆ ಪೊಲೀಸರು ಕೊಟ್ಟಿದ್ದ ದಿಶಾ ಎಂಬ ಹೆಸರಿನಲ್ಲೇ, ಖಚಿತ ಸಾಕ್ಷ್ಯವಿರುವ ಪ್ರಕರಣಗಳು 21 ದಿನಗಳಲ್ಲಿ ಮುಗಿಯಬೇಕೆಂಬ ಮಸೂದೆಯನ್ನು 2019ರ ಡಿಸೆಂಬರ್ 13ರಂದು ಅಂಗೀಕರಿಸಿತು. ಅದಕ್ಕೆ ರಾಷ್ಟ್ರಪತಿಯವರ ಅಂಕಿತ ಸಿಗಲಿಲ್ಲ.

ಮೂರು ದಿನ ಮೊದಲಿನ ಇನ್ನೊಂದು ಪ್ರಕರಣ

ಈ ಅಧ್ಯಯನವನ್ನು ಓದುವವರು ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. 2019ರ ನವೆಂಬರ್ 24ರಂದು, ಅದೇ ತೆಲಂಗಾಣದ ಕುಮುರಂ ಭೀಂ ಆಸಿಫಾಬಾದ್ ಜಿಲ್ಲೆಯಲ್ಲಿ, ಊರೂರು ತಿರುಗಿ ಸಣ್ಣಪುಟ್ಟ ಸಾಮಾನು ಮಾರಿ ಬದುಕುತ್ತಿದ್ದ ದಲಿತ ಮಹಿಳೆಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆದು ಕೊಲೆಯಾಯಿತು. ರಾಜಧಾನಿಯ ಕ್ಯಾಮೆರಾಗಳು ಅಲ್ಲಿಗೆ ಹೋಗಲಿಲ್ಲ. ನಮ್ಮವಳ ಸಾವಿಗೆ ಯಾಕೆ ಯಾರೂ ಮೇಣದಬತ್ತಿ ಹಚ್ಚಲಿಲ್ಲ ಎಂದು ಅಲ್ಲಿನವರು ಕೇಳಿದ ಮೇಲೆ, ಶಾದ್‌ನಗರದ ಗದ್ದಲದ ನೆರಳಿನಲ್ಲಿ, ಒಂದಿಷ್ಟು ಗಮನ ಸಿಕ್ಕಿತು. ಪೊಲೀಸರು ಆಕೆಗೆ ಸಮತಾ ಎಂದು ಹೆಸರಿಟ್ಟರು. ಡಿಸೆಂಬರ್ ಮಧ್ಯದಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಅಲ್ಲಿಯೂ ವಕೀಲರು ಮುಂದೆ ಬಾರದಿದ್ದಾಗ ನ್ಯಾಯಾಲಯವೇ ಆರೋಪಿಗಳಿಗೆ ವಕೀಲರನ್ನು ನೇಮಿಸಿತು. ಸಾಕ್ಷಿಗಳ ವಿಚಾರಣೆ ನಡೆದು, 2020ರ ಜನವರಿ 30ರಂದು ಆದಿಲಾಬಾದಿನ ವಿಶೇಷ ನ್ಯಾಯಾಲಯ ಮೂವರು ಆರೋಪಿಗಳೂ ತಪ್ಪಿತಸ್ಥರೆಂದು ತೀರ್ಪಿತ್ತು ಮರಣದಂಡನೆ ವಿಧಿಸಿತು.

ಮರಣದಂಡನೆಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇರಬಹುದು, ಇರಲಿ. ನಾನು ಗಮನಿಸುವುದು ಬೇರೆ. ಆ ತ್ವರಿತಗತಿ ವಿಚಾರಣೆ ಎರಡು ತಿಂಗಳ ಆಸುಪಾಸಿನಲ್ಲಿ ಮುಗಿಯಿತು, ಸಾಕ್ಷ್ಯವನ್ನು ಒರೆಗೆ ಹಚ್ಚಿ ಮುಗಿಯಿತು, ಆ ಮಹಿಳೆಗೆ ಏನಾಯಿತೆಂಬುದು ಒಂದು ತೀರ್ಪಿನಲ್ಲಿ ಬರೆಯಲ್ಪಟ್ಟಿತು. ಮಹಬೂಬ್‌ನಗರದ ತ್ವರಿತಗತಿ ನ್ಯಾಯಾಲಯಕ್ಕೂ ಅಷ್ಟೇ ಸಮಯ ಸಾಕಾಗುತ್ತಿತ್ತೆಂದು ನಂಬಲು ಇದು ಬಲವಾದ ಆಧಾರ. ನ್ಯಾಯಾಲಯದಿಂದ ಆಗುವುದಿಲ್ಲ ಎಂಬ ಹತಾಶೆಯಿಂದ ಡಿಸೆಂಬರ್ 6ನ್ನು ಸಮರ್ಥಿಸಿದವರಿಗೆ ಆದಿಲಾಬಾದ್ ಉತ್ತರವಾಗಿತ್ತು, ಆದರೆ ಆ ತೀರ್ಪಿನ ದಿನ ಯಾವ ವಾಹಿನಿಯ ಮುಂದೆಯೂ ಹೂವು ಹಿಡಿದ ಜನ ಸೇರಲಿಲ್ಲ.

ಮುಂದಿನ ಪ್ರಕರಣಕ್ಕೆ

ಇಂಥ ಸುದ್ದಿ ಬಂದ ಮೊದಲ ರಾತ್ರಿ ಸುದ್ದಿಮನೆಯಲ್ಲಿ ಕೂತವರು ಮಾಡಬಹುದಾದ ಕೆಲಸಗಳು ಈ ಒಂಬತ್ತು ದಿನಗಳೊಳಗೇ ಇವೆ. ಅತ್ಯಾಚಾರದ ಸಂಗತಿ ತಿಳಿದ ನಿಮಿಷದಲ್ಲೇ, ಕಾಣೆಯಾಗಿದ್ದಾರೆಂದು ಹಾಕಿದ್ದ ಹೆಸರು, ಫೋಟೊ, ಬಡಾವಣೆ, ಬಂಧುಗಳ ಮುಖ ಎಲ್ಲವನ್ನೂ ಹಳೆಯ ಸುದ್ದಿಗಳಿಂದಲೂ ತೆಗೆಯಬೇಕು. 228ಎ ಇದ್ದ ಜಾಗದಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಇದೆ, ನಿಯಮ ಬದಲಾಗಿಲ್ಲ. ಪೊಲೀಸರ ಪತ್ರಿಕಾಗೋಷ್ಠಿಯ ವರದಿಯಲ್ಲಿ ಪ್ರತಿಯೊಂದು ವಾಕ್ಯವೂ ಪೊಲೀಸರ ಹೇಳಿಕೆ ಎಂದು ಗೊತ್ತಾಗುವಂತಿರಬೇಕು. ಆರೋಪಿಗಳಿಗೆ ವಕೀಲರಿದ್ದಾರೆಯೇ ಎಂಬುದು ಸುದ್ದಿಯ ಭಾಗವಾಗಬೇಕು, ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದವರನ್ನು ಕೇಳಬೇಕು. ಕಸ್ಟಡಿಯಲ್ಲಿ ಸಾವಾದರೆ ಯಾರ ಮೇಲೆ ಎಫ್‌ಐಆರ್ ದಾಖಲಾಗಿದೆ, ತನಿಖೆ ಯಾರ ಕೈಯಲ್ಲಿದೆ ಎಂದು ಅಂದೇ ವಿಚಾರಿಸಬೇಕು. ಎನ್‌ಕೌಂಟರ್ ಸಾವುಗಳಿಗೆ ಸುಪ್ರೀಂ ಕೋರ್ಟ್ 2014ರಲ್ಲಿ ಹಾಕಿಕೊಟ್ಟ 16 ಸೂಚನೆಗಳಲ್ಲಿ ಸ್ವತಂತ್ರ ತನಿಖೆಯೂ ಸೇರಿದೆ. ಶಾದ್‌ನಗರದಲ್ಲಿ ಮೊದಲು ಪ್ರಕರಣ ದಾಖಲಾದದ್ದು ಸತ್ತ ನಾಲ್ವರ ಮೇಲೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಠಾಣೆಯ ಮೇಜಿನ ಬಳಿಯ ಪ್ರಶ್ನೆ: ಮನೆಯವರು ಎಷ್ಟು ಹೊತ್ತಿಗೆ ಬಂದರು, ಯಾರು ಮಾತಾಡಿಸಿದರು, ಎಷ್ಟು ಹೊತ್ತಿಗೆ ಬರೆದುಕೊಂಡರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಅಪರಾಧ ಯಾವ ಪ್ರದೇಶದಲ್ಲಿ ನಡೆದಿದ್ದರೂ ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ) ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಅದು ಪಾಲನೆಯಾಯಿತೇ ಎಂಬುದನ್ನು ತಿಳಿಯಲು ಠಾಣೆಯ ದಿನಚರಿಯಲ್ಲಿ ನಮೂದಾದ ಸಮಯವನ್ನು ಮನೆಯವರು ಹೇಳುವ ಸಮಯದ ಪಕ್ಕದಲ್ಲಿಟ್ಟು ಓದಬೇಕು, ಮತ್ತು ಎರಡರ ನಡುವಿನ ಅಂತರವನ್ನು ಗಂಟೆ ನಿಮಿಷಗಳ ಸಮೇತ ಅಂದಿನ ಸುದ್ದಿಯಲ್ಲೇ ಬರೆಯಬೇಕು.